ಕೋಪದ ಮೂಲ

ಯುವಜನರ ಹಿಂಸೆಯ ವಿಷಯದಲ್ಲಿ ನಾನು ತಜ್ಞ. ಕಾರ್ಡಿನ ಮೇಲೆ ಹಾಗೆಂದು ಅಚ್ಚು ಹಾಕಿಸಿದ್ದೇನೆ. ಗದಗಿನ ಕಾಲೇಜೊಂದರಲ್ಲಿ ಹುಡುಗರ ಹೊಡೆದಾಟವಾದಾಗ ಪ್ರಾಂಶುಪಾಲರು ನನ್ನನ್ನು ಕರೆಸಿದರು.

ಒಳಗೆ ಬಂದ ಹುಡುಗನ ಹುಬ್ಬಿನ ಮೇಲೆ ಮೂರು ಹೊಲಿಗೆಗಳಿದ್ದವು.

"ಸರ್, ನಾ..." ಎಂದ.

"ಗೊತ್ತಪ್ಪಾ. ಮನೇಲಿ ನಿನ್ನ ಮಾತು ಯಾರೂ ಕೇಳಲ್ಲ. ಅದಕ್ಕೇ ಇಷ್ಟು ಸಿಟ್ಟು."

"ಸಿಟ್ಟೇನ್ ಇಲ್ರೀ ಸರ್, ನಾ ಹೇಳೂದು..."

"ಇದನ್ನ ನಿರಾಕರಣೆ ಅಂತೀವಿ," ಎಂದು ಟಿಪ್ಪಣಿ ಮಾಡಿಕೊಂಡೆ.

ಒಂದು ಗಂಟೆ ಕೋಪದ ಮೂಲವನ್ನು ವಿವರಿಸಿದೆ. ದೀರ್ಘವಾಗಿ ಉಸಿರಾಡಿಸಿದೆ. ಇನ್ನು ಮುಂದೆ ಯಾರಿಗೂ ಹೊಡೆಯುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡೆ. ಅವನ ಮುಖದಲ್ಲಿ ಪಶ್ಚಾತ್ತಾಪವೂ ಕಂಡಿತು.

ಸಹಿ ಹಾಕಿದ ಹುಡುಗ ಬಾಗಿಲ ಹತ್ತಿರ ಹೋಗಿ ನಿಂತ.

"ನಾ ಹೊಡಸ್ಕೊಂಡಾಂವ್ರೀ ಸರ್. ಹೊಡದಾಂವ ಹೊರಗ ಕುಂತಾನ. ಕಳಸ್ಲೇನ್ರೀ?"