ಓಮದ ನೀರು ಬೇಡವೆಂದ ಅಜ್ಜಿ

ಹಸಿ ಕಡಲೆಕಾಯಿಯ ಮಣ್ಣಿನ ವಾಸನೆ ಬಂದರೆ ಈಗಲೂ ಶಿರಾದ ನಮ್ಮ ಅಂಗಳ ಕಣ್ಣಿಗೆ ಕಟ್ಟುತ್ತದೆ. ಹಿಂದಿನ ದಿನವಷ್ಟೇ ಮೂಟೆ ಹೊತ್ತಿದ್ದ ಅಪ್ಪ, ಆ ಮಧ್ಯಾಹ್ನ ಗಿಡದಿಂದ ಕಾಯಿ ಬಿಡಿಸುತ್ತಾ ಎದೆ ಹಿಡಿದು ಕುಳಿತ.

"ಗ್ಯಾಸು ಕಣೇ, ಹಸಿಕಾಯಿ ಜಾಸ್ತಿ ತಿಂದ್ಬುಟ್ಟೆ," ಎಂದ. ಅಮ್ಮ ಓಮದ ನೀರು ಕಾಯಿಸಲು ಎದ್ದಳು.

ಅಜ್ಜಿ ಅವಳನ್ನು ತಡೆದು, ತನ್ನ ಒರಟು ಅಂಗೈಯಿಂದ ಮಗನ ಕತ್ತು ಮುಟ್ಟಿ ನೋಡಿದಳು.

"ಗ್ಯಾಸಿಗೆ ಯಾರಾದ್ರೂ ಹಿಂಗೆ ತಣ್ಣಗೆ ಬೆವರ್ತಾರೇನ್ಲಾ? ಆಟೋ ಹತ್ತು ಮೊದ್ಲು!"

"ನೀನ್ಯಾವಾಗ ಡಾಕ್ಟ್ರಾದೆ?" ಅಪ್ಪ ನಗಲು ನೋಡಿದ.

"ನಿಮ್ಮಪ್ಪಂಗೆ ನಾನು ಓಮದ ನೀರು ಕುಡಿಸ್ಕೊಂಡು ಕೂತಿದ್ನಲ್ಲ, ಅವ್ರು ಹೋದ್ರಲ್ಲ, ಆವತ್ತು."

ಅಪ್ಪ ಎದ್ದು ಆಟೋ ಹತ್ತಿದ. ಅಂದೇ ತುಮಕೂರಿನಲ್ಲಿ ಡಾಕ್ಟರು ಮುಚ್ಚಿದ್ದ ರಕ್ತನಾಳವನ್ನು ತೆರೆದು ಸ್ಟೆಂಟ್ ಹಾಕಿದರು.

ಅಪ್ಪ ಇಂದಿಗೂ ಹೊಲಕ್ಕೆ ಹೋಗುತ್ತಾನೆ. ಅಜ್ಜಿ ಹೋದ ತಿಂಗಳು ತೀರಿಕೊಂಡಳು.