ಕಿವಿ ಕೇಳದ ಟ್ಯಾಬ್

ಇಂದಿಗೂ ಮಂಡಕ್ಕಿ ಒಗ್ಗರಣೆ ತಿಂದ ಕೈಯಲ್ಲಿ ಫೋನು ಮುಟ್ಟಿದರೆ, ಗಾಜಿನ ಮೇಲೆ ಮೂಡುವ ಅರಿಶಿನದ ಬೆರಳಚ್ಚಿನಿಂದ ಆ ಮಧ್ಯಾಹ್ನದ ವಾಸನೆ ಬರುತ್ತದೆ.

ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಮಾತು, ಅಕ್ಷರ ಕಲಿಯಲೆಂದು ಅಪ್ಪ ಬ್ರೂಸ್‌ಪೇಟೆಯ ಅಂಗಡಿಯಿಂದ ಟ್ಯಾಬ್ ತಂದಿದ್ದ. ಸತ್ಯನಾರಾಯಣಪೇಟೆಯ ನಮ್ಮ ಮನೆಯ ತಣ್ಣನೆಯ ಕಡಪ ಕಲ್ಲಿನ ಮೇಲೆ ಅಜ್ಜಿಯ ತೊಡೆಗೆ ಒರಗಿ ಕೂತಿದ್ದೆ. ಪರದೆಯ ಮೇಲೆ ಕೆಂಪು ಹೆಂಚಿನ ಮನೆಯ ಚಿತ್ರ ಬಂತು. ಒಳಗಿನಿಂದ ಹೆಂಗಸಿನ ದನಿಯೊಂದು ‘ಮನೆ’ ಎಂದಿತು. ನಾನು ‘ಮನಿ’ ಎಂದೆ.

‘ಮತ್ತೊಮ್ಮೆ ಹೇಳು.’

‘ಮನಿ.’

‘ಮತ್ತೊಮ್ಮೆ ಹೇಳು.’

ನಾನು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಜ್ಜಿ ತಬ್ಬಿಕೊಂಡು, ‘ಅಳಬ್ಯಾಡ ಲೇ, ಪಾಪ, ಅದಕ್ಕ ಕಿವಿ ಕೇಳಂಗಿಲ್ಲ. ಜೋರಾಗಿ ಹೇಳು’ ಎಂದಳು. ಇಬ್ಬರೂ ಕೂಡಿ ‘ಮನೀ!’ ಎಂದು ಕೂಗಿದೆವು. ಅದು ಮತ್ತೆ ‘ಮತ್ತೊಮ್ಮೆ ಹೇಳು’ ಎಂದಿತು.

ಅಜ್ಜಿ ಒಗ್ಗರಣೆಯ ತಟ್ಟೆ ಸರಿಸಿ ಎದ್ದಳು. ಹಳದಿ ಬೆರಳಲ್ಲೇ ಟ್ಯಾಬನ್ನು ಎತ್ತಿಕೊಂಡು ಹೊಸ್ತಿಲು, ಒಲೆ, ದೇವರ ಗೂಡು ಎಲ್ಲವನ್ನೂ ಅದಕ್ಕೆ ತೋರಿಸುತ್ತ ನಡೆದಳು. ‘ನೋಡವ್ವಾ, ಇದು ಮನಿ. ಎಲ್ಲಿ, ಅನ್ನು ನೋಡೋಣ? ಮನಿ.’ ನಾನು ಅವಳ ಸೆರಗು ಹಿಡಿದು ಬಿದ್ದು ಬಿದ್ದು ನಗುತ್ತ ಹಿಂದೆಯೇ ಓಡಿದೆ.

ಸಂಜೆ ಅಪ್ಪ ಚಪ್ಪಲಿ ಬಿಡುತ್ತಲೇ ಕೇಳಿದ, ‘ಏನರ ಕಲೀತೇನವ್ವಾ?’

ಅಜ್ಜಿ ಗಾಜಿನ ಮೇಲಿನ ಎಣ್ಣೆಯನ್ನು ಸೆರಗಿನಿಂದ ಒರೆಸುತ್ತ ಹೇಳಿದಳು, ‘ಇನ್ನಾ ಒಂದು ಮಾತೂ ಬಂದಿಲ್ಲಪ್ಪ ಅದಕ್ಕ. ನಾಳಿಗೆ ಮತ್ತ ಕುಂದ್ರಿಸಿಕೊಂಡು ಹೇಳಿಕೊಡ್ತೀವಿ.’