ಟವರ್ ಎದ್ದಿದೆ

ಏಳು ಬೆಟ್ಟ ನಡುಗುವಂತೆ ಘೀಳಿಟ್ಟ ಕಾಡಾನೆಗೆ ಹೆದರಿ, ಮೆಕ್ಯಾನಿಕ್ ನಿಂಗರಾಜು ಮೊಬೈಲ್ ಟವರಿನ ಶೆಡ್ಡಿಗೆ ನುಗ್ಗಿ ಚಿಲಕ ಹಾಕಿಕೊಂಡ. ಅವನ ಎದೆಬಡಿತಕ್ಕೆ ತಗಡಿನ ಗೋಡೆ ಗಡಗಡ ಎನ್ನುತ್ತಿತ್ತು. ಅವನ ಮೊಬೈಲು ಆನೆಯ ಕಾಲಡಿ ಹಿಟ್ಟಾಗಿತ್ತು. ಉಳಿದದ್ದು ಶೆಡ್ಡಿನ ವೈರ್ ಫೋನ್ ಒಂದೇ.

“ಮೇಡಂ, ಯಾರನ್ನಾದ್ರೂ ಕಳ್ಸಿ. ಆನೆಯಲ್ಲ ಅದು, ಎರಡಂತಸ್ತಿನ ಮನೆ.”

“ಹೆದರ್ಬೇಡಿ,” ಎಂದರು ಕಂಟ್ರೋಲ್ ರೂಮಿನ ಮೇಡಂ. “ಕರೆಂಟ್ ಉಳಿಸೋಕೆ ಆ ಟವರ್ ಮಲಗಿರುತ್ತೆ. ಹತ್ತಿರ ಬಂದ ಸಿಮ್ ಕೂಗಿದ್ರೆ ಮಾತ್ರ ಏಳುತ್ತೆ. ಈಗ ಎದ್ದಿದೆ ನೋಡಿ, ಯಾರೋ ಬಂದಿದಾರೆ.”

ಹೋದ ಜೀವ ಬಂದಂತಾಗಿ ನಿಂಗರಾಜು ರಿಸೀವರ್ ಹಿಡಿದೇ ಬಾಗಿಲು ತೆರೆದು, ಅಲ್ಲಾಡುತ್ತಿದ್ದ ಬಿದಿರುಮೆಳೆಯತ್ತ ಮೂರು ತಾಲ್ಲೂಕಿಗೆ ಕೇಳುವಂತೆ ಕೂಗಿದ: “ಅಣ್ಣಾ, ಇಲ್ಲಿದೀನಿ, ಬನ್ನಿ.”

“ನಂಬರ್ ಸಿಕ್ತು ನಿಂಗರಾಜು,” ಮೇಡಂ ದನಿ ಇಳಿಯಿತು. “ಅದು ಅರಣ್ಯ ಇಲಾಖೆಯೋರು ಆನೆ ಕೊರಳಿಗೆ ಕಟ್ಟಿರೋ ರೇಡಿಯೋ ಕಾಲರಿನ ಸಿಮ್.”